ಮಂಡ್ಯದಿಂದ ಮೆಲ್ಬರ್ನ್‌ಗೆ: ವಿದೇಶದ ಮ್ಯಾಚ್ ಟಿಕೆಟ್ ಹಿಡಿಯುವುದು ಹೇಗೆ?

"ಅಪ್ಪ, ಈ ಸಲ ಅವ್ವನ್ನೂ ಕರ್ಕೊಂಡು ಮ್ಯಾಚಿಗೆ ಬಂದ್ಬುಡು" ಎಂದು ಮೆಲ್ಬರ್ನ್‌ನಲ್ಲಿರುವ ಮಗ ಫೋನಿನಲ್ಲಿ ಹೇಳುವುದು ಸುಲಭ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇಂಥ ಕರೆ ಬರುತ್ತದೆ. ಮಕ್ಕಳೋ ಅಣ್ಣತಮ್ಮಂದಿರೋ ಲಂಡನ್ನಿನಲ್ಲೋ ದುಬೈನಲ್ಲೋ ಡಲ್ಲಾಸ್‌ನಲ್ಲೋ ಇರುತ್ತಾರೆ, ಉಳಿಯಲು ಮನೆ ಇರುತ್ತದೆ, ಕಬ್ಬಿನ ದುಡ್ಡೂ ಬಂದಿರುತ್ತದೆ. ತೊಡಕು ಎದುರಾಗುವುದು ಟಿಕೆಟ್ ಮಾರಾಟಕ್ಕೆ ಬಿಟ್ಟ ದಿನ. ನಸುಕಿನಲ್ಲೇ ಎದ್ದು ಲ್ಯಾಪ್‌ಟಾಪ್ ಮುಂದೆ ಕೂತರೆ ಪರದೆಯ ಮೇಲೊಂದು ಗೆರೆ ತೆವಳುತ್ತಿರುತ್ತದೆ. ಪಕ್ಕದಲ್ಲಿ ಕೂತ ಭಾಮೈದ "ಇನ್ನೂ ಲೋಡ್ ಆಯ್ತಾನೇ ಅದೆ ಭಾವ" ಅನ್ನುತ್ತಿರುವಾಗಲೇ 'ಸೋಲ್ಡ್ ಔಟ್' ಎಂಬ ಎರಡು ಪದ ಮೂಡುತ್ತವೆ.

"ಎಲ್ಲಾ ಒಳಗಿಂದೊಳಗೇ ಮಾರ್ಕೊಂಡವ್ರೆ" ಎಂದು ಬೈದುಕೊಂಡು ಎದ್ದುಬಿಡುವವರೇ ಹೆಚ್ಚು. ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ನಮ್ಮ ಕಡೆಯ ತಯಾರಿಯ ಕೊರತೆ. ಹೆಸರು, ಇಮೇಲ್, ಕಾರ್ಡ್, ವೀಸಾ ಇವನ್ನು ಮಾರಾಟಕ್ಕೆ ಮೊದಲೇ ಸರಿಮಾಡಿಕೊಂಡವರಿಗೂ ಕೆಲವೊಮ್ಮೆ ಟಿಕೆಟ್ ಸಿಗದು. ಆದರೆ ಮಾಡಿಕೊಳ್ಳದವರು ಸೀಟು ಸಿಕ್ಕ ಮೇಲೂ ಕಳೆದುಕೊಳ್ಳುತ್ತಾರೆ.

ಸೀಟುಗಳೆಲ್ಲ ಎಲ್ಲಿ ಹೋಗುತ್ತವೆ?

ಕ್ರೀಡಾಂಗಣದಲ್ಲಿರುವ ಸೀಟುಗಳೆಲ್ಲ ಸಾರ್ವಜನಿಕರಿಗೆ ಬರುವುದಿಲ್ಲ. ಕ್ಲಬ್ ಸದಸ್ಯರಿಗೆ, ಪ್ರಾಯೋಜಕರಿಗೆ, ಊಟೋಪಚಾರ ಸೇರಿದ ದುಬಾರಿ ಬಾಕ್ಸ್‌ಗಳಿಗೆ, ಅಧಿಕೃತ ಪ್ರವಾಸ ಪ್ಯಾಕೇಜ್‌ಗಳಿಗೆ ಮೊದಲೇ ಪಾಲು ಹೋಗಿರುತ್ತದೆ. ಲಂಡನ್ನಿನ ಲಾರ್ಡ್ಸ್‌ನಲ್ಲಾಗಲಿ ಮೆಲ್ಬರ್ನ್‌ನ ಕ್ರಿಕೆಟ್ ಮೈದಾನ ಎಂಸಿಜಿಯಲ್ಲಾಗಲಿ ಕ್ಲಬ್ ಸದಸ್ಯತ್ವಕ್ಕೇ ಜನ ವರ್ಷಾನುಗಟ್ಟಲೆ ಕಾಯುತ್ತಾರೆ. ಉಳಿದ ಸೀಟುಗಳ ಮೇಲೆ ಜಗತ್ತೆಲ್ಲ ಮುಗಿಬೀಳುತ್ತದೆ.

ಲೆಕ್ಕ ನೋಡಿ. 2019ರ ವಿಶ್ವಕಪ್‌ನಲ್ಲಿ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ನಡೆದ ಭಾರತ-ಪಾಕಿಸ್ತಾನ ಪಂದ್ಯದ ಸುಮಾರು 25 ಸಾವಿರ ಸೀಟಿಗೆ 4 ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದಿದ್ದವು. 2022ರ ಅಕ್ಟೋಬರ್ 23ರಂದು ಇದೇ ಎರಡು ತಂಡಗಳು ಎಂಸಿಜಿಯಲ್ಲಿ ಆಡಿದಾಗ 90,293 ಜನ ನೋಡಿದರು. ಅಷ್ಟು ದೊಡ್ಡ ಮೈದಾನದ ಟಿಕೆಟ್‌ಗಳೂ ಮಾರಾಟಕ್ಕೆ ಬಂದ ಕೆಲವೇ ನಿಮಿಷಗಳಲ್ಲಿ ಮುಗಿದಿದ್ದವು. 2024ರ ಟಿ20 ವಿಶ್ವಕಪ್‌ನ ನ್ಯೂಯಾರ್ಕ್‌ನ ಭಾರತ-ಪಾಕ್ ಪಂದ್ಯಕ್ಕಂತೂ ಇದ್ದ ಟಿಕೆಟ್‌ಗಿಂತ 200 ಪಟ್ಟಿಗೂ ಹೆಚ್ಚು ಬೇಡಿಕೆ. ಇಲ್ಲಿ ಶಾಸಕರ ಪತ್ರ, ಕ್ರಿಕೆಟ್ ಸಂಸ್ಥೆಯಲ್ಲಿರುವ ಪರಿಚಯಸ್ಥರು, ಯಾವುದೂ ಕೆಲಸಕ್ಕೆ ಬಾರದು.

ಲಾಟರಿಯೇ, ಸಾಲೇ? ಮೊದಲು ತಿಳಿದುಕೊಳ್ಳಿ

ಟಿಕೆಟ್ ಮಾರಾಟದಲ್ಲಿ ಎರಡು ಬಗೆ. ಮೊದಲನೆಯದು ಬ್ಯಾಲೆಟ್, ಅಂದರೆ ಚೀಟಿ ಎತ್ತುವುದು. ಕೆಲವು ದಿನ ಅಥವಾ ವಾರಗಳ ಗಡುವು ಇರುತ್ತದೆ. ಅದರೊಳಗೆ ಮೊದಲ ದಿನ ಅರ್ಜಿ ಹಾಕಿದವರಿಗೂ ಕೊನೆಯ ದಿನ ಹಾಕಿದವರಿಗೂ ಅವಕಾಶ ಒಂದೇ. ವಿಂಬಲ್ಡನ್ ಟೆನಿಸ್, ಒಲಿಂಪಿಕ್ಸ್, ಫುಟ್‌ಬಾಲ್ ವಿಶ್ವಕಪ್, ಐಸಿಸಿಯ ಕೆಲವು ಟೂರ್ನಿಗಳು ಈ ದಾರಿ ಹಿಡಿಯುತ್ತವೆ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ, ಗಡುವಿಗೆ ಮಾತ್ರ ಬೆಲೆ.

ಎರಡನೆಯದು ನೇರ ಮಾರಾಟ. ರೈಲಿನ ತತ್ಕಾಲ್ ಬುಕ್ ಮಾಡಿ ಪಳಗಿದವರು ಇದನ್ನೂ ಹಾಗೇ ಅಂದುಕೊಂಡು ಎಡವುತ್ತಾರೆ. ಈಗಿನ ದೊಡ್ಡ ಟಿಕೆಟ್ ತಾಣಗಳು ಮಾರಾಟ ಶುರುವಾಗುವ ಮೊದಲೇ ಬಂದವರನ್ನು ಒಂದು 'ಕಾಯುವ ಕೋಣೆ'ಗೆ ಸೇರಿಸುತ್ತವೆ. ನಿಗದಿತ ಹೊತ್ತು ಬಂದೊಡನೆ ಆ ಕೋಣೆಯಲ್ಲಿರುವ ಎಲ್ಲರಿಗೂ ಕಂಪ್ಯೂಟರ್ ಚೀಟಿ ಎತ್ತಿದಂತೆ ಸರದಿ ಸಂಖ್ಯೆ ಕೊಡುತ್ತದೆ. ಎರಡು ಗಂಟೆ ಮೊದಲು ಬಂದವರಿಗೂ ಹತ್ತು ನಿಮಿಷ ಮೊದಲು ಬಂದವರಿಗೂ ವ್ಯತ್ಯಾಸವಿಲ್ಲ. ಆದರೆ ಮಾರಾಟ ಶುರುವಾಗಿ ಒಂದು ನಿಮಿಷದ ಮೇಲೆ ಬಂದವರು ಇವರೆಲ್ಲರ ಹಿಂದೆ ನಿಲ್ಲಬೇಕು. ಹಾಗಾಗಿ ರಾತ್ರಿಯಿಡೀ ಕಾಯುವುದು ದಂಡ, ತಡವಾಗಿ ಬರುವುದು ಅದಕ್ಕಿಂತ ದೊಡ್ಡ ದಂಡ. ಹದಿನೈದು-ಇಪ್ಪತ್ತು ನಿಮಿಷ ಮೊದಲು ಕೂತರೆ ಸಾಕು.

ಈಗ ಮಾಡಬೇಕಾದ್ದು

1. ಯಾವ ಪಂದ್ಯ ಎಂಬುದನ್ನು ಬುದ್ಧಿಯಿಂದ ಆರಿಸಿ. ಎಲ್ಲರಿಗೂ ಬೇಕಾದದ್ದೇ ನಮಗೂ ಬೇಕು ಎಂದರೆ ಅರ್ಧ ಸೋತಂತೆ. ಮೆಲ್ಬರ್ನ್‌ನ ಬಾಕ್ಸಿಂಗ್ ಡೇ ಟೆಸ್ಟ್‌ನ ಮೊದಲ ದಿನಕ್ಕೆ, ಅಂದರೆ ಡಿಸೆಂಬರ್ 26ಕ್ಕೆ, ಎಲ್ಲರೂ ಬೀಳುತ್ತಾರೆ. ಮೂರನೇ, ನಾಲ್ಕನೇ ದಿನಕ್ಕೆ ಪೈಪೋಟಿ ಕಡಿಮೆ. ಪಂದ್ಯ ಐದನೇ ದಿನದವರೆಗೆ ನಡೆಯುತ್ತದೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರದ ಕಾರಣ ಆ ದಿನದ ಟಿಕೆಟ್ ಕೊನೇ ಗಳಿಗೆಯವರೆಗೂ ಸಿಗುವುದುಂಟು. 2024ರ ಭಾರತ-ಆಸ್ಟ್ರೇಲಿಯಾ ಬಾಕ್ಸಿಂಗ್ ಡೇ ಟೆಸ್ಟ್‌ಗೆ ಐದು ದಿನಗಳಲ್ಲಿ ಒಟ್ಟು 3,73,691 ಜನ ಬಂದರು. ಐದನೇ ದಿನವೊಂದಕ್ಕೇ 74,362. ಆಟ ರಂಗೇರಿದ್ದೂ ಆ ದಿನವೇ. ಮೊದಲ ದಿನವೇ ಬೇಕು ಎಂಬ ಹಟ ನನಗಂತೂ ಅರ್ಥವಾಗಿಲ್ಲ. ಟೆಸ್ಟ್ ನೋಡಲು ಅಷ್ಟು ದೂರ ಹೋಗುವವರು ಸ್ಕೋರು ಸೊನ್ನೆ ಇರುವ ದಿನಕ್ಕೇ ಯಾಕೆ ಜೋತುಬೀಳಬೇಕು?

ವಿಶ್ವಕಪ್‌ಗಳಲ್ಲಿ ಪಾಕಿಸ್ತಾನದ ಪಂದ್ಯ ಬಿಟ್ಟು ಭಾರತದ ಉಳಿದ ಲೀಗ್ ಪಂದ್ಯಗಳನ್ನು ನೋಡಿ. ಮಹಿಳಾ ಪಂದ್ಯಗಳ ದರ ಸಾಮಾನ್ಯವಾಗಿ ಕಡಿಮೆ, ನೋಟ ಹತ್ತಿರ. ಮುಂದಿನ ಪುರುಷರ ಏಕದಿನ ವಿಶ್ವಕಪ್ 2027ರ ಅಕ್ಟೋಬರ್-ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾಗಳಲ್ಲಿ ನಡೆಯಲಿದೆ. 2028ರ ಜುಲೈನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇರುತ್ತದೆ. 1900ರ ಪ್ಯಾರಿಸ್ ನಂತರ ಒಲಿಂಪಿಕ್ಸ್‌ಗೆ ಅದು ಮರಳುತ್ತಿರುವುದು ಇದೇ ಮೊದಲು. ಪಂದ್ಯಗಳು ನಗರದಿಂದ ಆಚೆಗಿರುವ ಪೊಮೋನಾದಲ್ಲಿ. ಇವುಗಳಿಗೆ ಹೋಗಬೇಕೆಂದಿರುವವರು ಕೆಳಗಿನ ಕೆಲಸಗಳನ್ನು ಇಂದೇ ಶುರುಮಾಡಬಹುದು.

2. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆ ನೋಡಿ. ನಮ್ಮ ಕಡೆಯವರಿಗೆ ಅತಿ ಹೆಚ್ಚು ತಲೆನೋವು ತರುವುದು ಇದೇ. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಬರೀ 'ಸಿದ್ದರಾಜು' ಎಂದಿದ್ದು ಉಪನಾಮದ ಜಾಗ ಖಾಲಿ. ವಿದೇಶದ ಟಿಕೆಟ್ ತಾಣಗಳಲ್ಲಿ ಉಪನಾಮದ ಕಾಲಂ ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಚುಕ್ಕಿ ಹಾಕಿದರೆ ಒಪ್ಪುವುದಿಲ್ಲ, ಒಂದಕ್ಷರ ಹಾಕಿದರೂ ಕೆಲವು ಒಪ್ಪುವುದಿಲ್ಲ.

ಆಗ ತೋಚಿದ್ದನ್ನು ತುಂಬಬೇಡಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಎರಡೂ ಕಾಲಂನಲ್ಲಿ ಅದನ್ನೇ ಬರೆಯಿರಿ. ಅಲ್ಲಿಲ್ಲದ ಜಾತಿ ಹೆಸರು, ಊರ ಹೆಸರು ಸೇರಿಸಬೇಡಿ. ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರೆ ನಿಮ್ಮ ಬಳಿ ಇರುವುದು ಪಾಸ್‌ಪೋರ್ಟ್ ಒಂದೇ. ದುಬೈ, ಅಬುಧಾಬಿ, ಶಾರ್ಜಾಗಳಿಗೆ ಹೋಗುವವರು ಇನ್ನೂ ಎಚ್ಚರವಾಗಿರಬೇಕು: ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಭೇಟಿ ವೀಸಾದಲ್ಲಿ ಬರುವವರನ್ನು ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪುವುದಾಗಿ ಆಮೇಲೆ ಸ್ಪಷ್ಟಪಡಿಸಿತು. ವಿಮಾನದ ಟಿಕೆಟ್ ಕೊಳ್ಳುವ ಮೊದಲು ವಿಮಾನ ಸಂಸ್ಥೆಯನ್ನು ಕೇಳಿಕೊಳ್ಳಿ. ಉಪನಾಮ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸುವುದೇ ಶಾಶ್ವತ ಪರಿಹಾರ. ಪೊಲೀಸ್ ಪರಿಶೀಲನೆಯೂ ಸೇರಿ ಅದಕ್ಕೆ ಸಮಯ ಹಿಡಿಯಬಹುದು, ಆದ್ದರಿಂದ ಪಂದ್ಯದ ವೇಳಾಪಟ್ಟಿ ಬರುವವರೆಗೆ ಕಾಯಬೇಡಿ.

3. ಖಾತೆ ನಿಮ್ಮದೇ ಆಗಿರಲಿ. ಸೈಬರ್ ಸೆಂಟರ್‌ನವರ ಇಮೇಲ್ ಕೊಟ್ಟು, ಅವರದೇ ಮೊಬೈಲ್ ನಂಬರ್ ಹಾಕಿಸಿ ಅರ್ಜಿ ತುಂಬುವ ಅಭ್ಯಾಸ ನಮ್ಮಲ್ಲಿದೆ. ಪಹಣಿಗೋ ರೇಷನ್ ಕಾರ್ಡಿಗೋ ಅದು ನಡೆದೀತು, ಇಲ್ಲಿ ನಡೆಯದು. ಈಗ ಬಹುತೇಕ ಟಿಕೆಟ್‌ಗಳು ಕಾಗದದ್ದಲ್ಲ. ಖಾತೆ ಯಾರದೋ ಟಿಕೆಟ್ ಅವರ ಫೋನಿಗೇ ಬರುತ್ತದೆ. ಇನ್ನೊಂದು ಅಪಾಯವೂ ಇದೆ. ಅನೇಕ ಬ್ಯಾಲೆಟ್‌ಗಳಲ್ಲಿ ಒಬ್ಬರಿಗೆ ಒಂದೇ ಅರ್ಜಿ. ಐದು ಜನ ಗೆಳೆಯರು ಒಂದೇ ಇಮೇಲ್ ಅಥವಾ ಒಂದೇ ಕಾರ್ಡ್ ಬಳಸಿದರೆ ಕಂಪ್ಯೂಟರ್ ಅದನ್ನು ನಕಲಿ ಅರ್ಜಿ ಎಂದು ಲೆಕ್ಕಹಾಕಿ ಐದನ್ನೂ ತೆಗೆದುಹಾಕಬಹುದು.

ವಿಳಾಸದಲ್ಲಿ ಊರಿನ ಪಿನ್ ಸರಿಯಾಗಿ ಹಾಕಿ: ಮಂಡ್ಯ 571401, ಮದ್ದೂರು 571428, ಮಳವಳ್ಳಿ 571430. ಬ್ಯಾಂಕಿನಲ್ಲಿರುವ ವಿಳಾಸವೂ ಇಲ್ಲಿ ಹಾಕಿದ್ದೂ ಒಂದೇ ಇರಲಿ. ಅಲ್ಲಿರುವ ಮಗ, ಮಗಳು, ಷಡ್ಡಕ ಯಾರಾದರೂ ತಮ್ಮ ಹೆಸರಿನಲ್ಲೂ ಬೇರೆ ಅರ್ಜಿ ಹಾಕಲಿ. ಸ್ಥಳೀಯ ಕ್ರಿಕೆಟ್ ಮಂಡಳಿಯ ಉಚಿತ ನೋಂದಣಿ ಮಾಡಿಕೊಂಡವರಿಗೆ ಆಸ್ಟ್ರೇಲಿಯಾದಂಥ ಕಡೆ ಸಾರ್ವಜನಿಕರಿಗಿಂತ ಮೊದಲೇ ಮಾರಾಟ ತೆರೆಯುತ್ತದೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಒಳ್ಳೆಯ ದಾರಿ.

4. ಕಾರ್ಡನ್ನು ವಿದೇಶಕ್ಕೆ ತೆರೆದಿಡಿ. ಸರದಿ ಬಂತು, ಸೀಟೂ ಸಿಕ್ಕಿತು, ಹಣ ಕಟ್ಟುವಾಗ ಕಾರ್ಡ್ ತಿರಸ್ಕಾರವಾಯಿತು ಎಂಬ ಗೋಳು ತುಂಬ ಸಾಮಾನ್ಯ. ಕಾರಣ ಸರಳ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮುಚ್ಚಿಯೇ ಇರುತ್ತದೆ, ಗ್ರಾಹಕರೇ ತೆರೆಯಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ 'ಇಂಟರ್‌ನ್ಯಾಷನಲ್' ಮತ್ತು 'ಆನ್‌ಲೈನ್' ಎರಡನ್ನೂ ತೆರೆದು ಮಿತಿಯನ್ನು ಟಿಕೆಟ್ ಮೊತ್ತಕ್ಕಿಂತ ಸ್ವಲ್ಪ ಮೇಲಿಡಿ. ಯುಪಿಐ ಈ ತಾಣಗಳಲ್ಲಿ ಸಾಮಾನ್ಯವಾಗಿ ನಡೆಯದು. ಸಹಕಾರಿ ಬ್ಯಾಂಕುಗಳು ಕೊಡುವ, ದೇಶದೊಳಗೆ ಮಾತ್ರ ಚಲಾವಣೆಯಾಗುವ ರುಪೇ ಕಾರ್ಡನ್ನು ನಂಬಿ ಕೂರಬೇಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಎರಡು ಕಾರ್ಡ್ ಕೈಯಲ್ಲಿರಲಿ.

ಹಣ ಕಟ್ಟುವಾಗ "ರೂಪಾಯಿಯಲ್ಲೇ ಪಾವತಿಸುವಿರಾ?" ಎಂದು ಕೇಳಿದರೆ ಬೇಡ ಅನ್ನಿ, ಅವರ ವಿನಿಮಯ ದರ ದುಬಾರಿ. ಪೌಂಡ್, ಡಾಲರ್‌ನಲ್ಲೇ ಕಟ್ಟಿ. ಆಗಲೂ ಬ್ಯಾಂಕು ಸಾಮಾನ್ಯವಾಗಿ ಶೇ. 3.5ರವರೆಗೆ ವಿನಿಮಯ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುತ್ತದೆ. ಇನ್ನು ಫುಟ್‌ಬಾಲ್ ವಿಶ್ವಕಪ್‌ನಂಥ ಬ್ಯಾಲೆಟ್‌ಗಳಲ್ಲಿ ಗೆದ್ದರೆ ನಿಮ್ಮನ್ನು ಕೇಳದೆ ಕಾರ್ಡಿನಿಂದ ಹಣ ಹಿಡಿಯುತ್ತಾರೆ. ನಾಲ್ಕು ಪಂದ್ಯಕ್ಕೆ ಅರ್ಜಿ ಹಾಕಿ ನಾಲ್ಕೂ ಬಂದರೆ ನಾಲ್ಕರ ದುಡ್ಡೂ ಹೋಗುತ್ತದೆ.

5. ಗಡಿಯಾರದ ಲೆಕ್ಕ. ಟಿಕೆಟ್ ತಾಣದಲ್ಲಿ ಹಾಕಿರುವ ಹೊತ್ತು ಆ ಊರಿನದು. ದಕ್ಷಿಣ ಆಫ್ರಿಕಾದ ಬೆಳಿಗ್ಗೆ 10 ಎಂದರೆ ನಮಗೆ ವರ್ಷವಿಡೀ ಮಧ್ಯಾಹ್ನ 1.30. ದುಬೈನ 10 ನಮಗೆ 11.30. ಲಂಡನ್ ಮತ್ತು ಮೆಲ್ಬರ್ನ್ ಮಾತ್ರ ಮೋಸಮಾಡುತ್ತವೆ, ಅಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಲಂಡನ್ನಿನ 10 ಗಂಟೆ ನಮಗೆ ಜನವರಿಯಲ್ಲಿ 3.30, ಜೂನ್‌ನಲ್ಲಿ 2.30. ಮೆಲ್ಬರ್ನ್‌ನ 10 ಜೂನ್‌ನಲ್ಲಿ ನಮ್ಮ ಬೆಳಿಗ್ಗೆ 5.30, ಡಿಸೆಂಬರ್‌ನಲ್ಲಿ ನಸುಕಿನ 4.30. ಹಳೆಯ ಲೆಕ್ಕ ನೆನಪಿಟ್ಟುಕೊಂಡು ಒಂದು ಗಂಟೆ ತಡವಾಗಿ ಬಂದರೆ ಏನೂ ಉಳಿದಿರುವುದಿಲ್ಲ.

6. ಟಿಕೆಟ್, ವೀಸಾ, ವಿಮಾನ: ಯಾವುದು ಮೊದಲು? ಕೈಯಲ್ಲಿ ಮ್ಯಾಚ್ ಟಿಕೆಟ್ ಇದೆ ಎಂದು ಯಾವ ದೇಶವೂ ವೀಸಾ ಕೊಡಬೇಕಿಲ್ಲ. ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಪ್ರಯಾಣದ ಮೂರು ತಿಂಗಳ ಒಳಗಷ್ಟೇ ಅರ್ಜಿ ಹಾಕಬಹುದು. ಟಿಕೆಟ್ ಮಾರಾಟ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ. ಹೀಗಾಗಿ ನಾನು ಹೇಳುವ ಕ್ರಮ: ಮೊದಲು ಮ್ಯಾಚ್ ಟಿಕೆಟ್, ಆಮೇಲೆ ವೀಸಾ, ವಿಮಾನದ ಟಿಕೆಟ್ ಕೊನೆಗೆ. ವೀಸಾ ಸಿಗದಿದ್ದರೆ ಕಳೆದುಕೊಳ್ಳುವುದು ಸಣ್ಣ ಮೊತ್ತ. ಅಧಿಕೃತ ಮರುಮಾರಾಟದಲ್ಲಿ ಅದೂ ವಾಪಸ್ ಬರಬಹುದು. ಅಮೆರಿಕಕ್ಕೆ ಮಾತ್ರ ಈ ಕ್ರಮ ತಿರುಗಾಮುರುಗಾ. ಅಲ್ಲಿನ ಸಂದರ್ಶನದ ಸರದಿ ತಿಂಗಳುಗಟ್ಟಲೆ ಹಿಡಿಯಬಹುದಾದ್ದರಿಂದ ವೀಸಾ ಮೊದಲು.

ಬ್ರಿಟನ್, ಆಸ್ಟ್ರೇಲಿಯಾ, ಯುರೋಪಿನ ದೇಶಗಳಿಗೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಮಂಡ್ಯ, ಮದ್ದೂರಿನವರಿಗೆ ರೈಲಿದೆ. ಮಳವಳ್ಳಿಯವರಿಗೆ ಬಸ್ಸೇ ಗತಿ, ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯುವುದು ಕ್ಷೇಮ. (ಬೈಕಿನಲ್ಲಿ ಹೊರಟರೆ ಎಕ್ಸ್‌ಪ್ರೆಸ್‌ವೇ ಮೇಲೆ ಬಿಡುವುದಿಲ್ಲ, ನೆನಪಿರಲಿ.) ವ್ಯವಸಾಯದ ಆದಾಯಕ್ಕೆ ತೆರಿಗೆಯಿಲ್ಲವಾದ್ದರಿಂದ ರಿಟರ್ನ್ ಹಾಕದ ರೈತರು ಕಾಗದಪತ್ರಕ್ಕೆ ಹೆದರುತ್ತಾರೆ. ಪಹಣಿ, ಕಾರ್ಖಾನೆಯಿಂದ ಬಂದ ಕಬ್ಬಿನ ಹಣ ಜಮೆಯಾದ ಬ್ಯಾಂಕ್ ವಿವರ, ಡೇರಿಯ ಹಾಲಿನ ಪಾವತಿ, ಮಗನ ಆಹ್ವಾನ ಪತ್ರ ಮತ್ತು ಅವನ ಸಂಬಳದ ದಾಖಲೆ ಜೋಡಿಸಿ. ಕನ್ನಡದಲ್ಲಿರುವುದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ. ಅರ್ಜಿಯ ಹಿಂದಿನ ವಾರ ಖಾತೆಗೆ ದಿಢೀರನೆ ದೊಡ್ಡ ಮೊತ್ತ ತುಂಬುವುದು ಅನುಮಾನಕ್ಕೆ ದಾರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕಾಯುವ ಕೋಣೆಯಲ್ಲಿದ್ದಾಗ ರಿಫ್ರೆಶ್ ಒತ್ತುವುದು: ಸರದಿಯೇ ಕಳೆದುಹೋಗಬಹುದು. ಒಂದೇ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆಯುವುದು: ಪ್ರಯೋಜನವಿಲ್ಲ, ಹೆಚ್ಚಿನ ಕಡೆ ಎಲ್ಲವನ್ನೂ ಒಂದೇ ಎಂದು ಲೆಕ್ಕಹಾಕುತ್ತಾರೆ. ಅದರ ಬದಲು ಮನೆಯ ಇಬ್ಬರು ತಮ್ಮ ತಮ್ಮ ಖಾತೆಯಿಂದ, ಬೇರೆ ಬೇರೆ ಫೋನಿನಲ್ಲಿ ಕೂರಲಿ.

ಆರು ಸೀಟು ಒಟ್ಟಿಗೇ ಬೇಕೆಂದು ಹುಡುಕುವುದು ಇನ್ನೊಂದು. ಎರಡೆರಡಾಗಿ ಹುಡುಕಿದರೆ ಸಿಗುವ ಸಾಧ್ಯತೆ ಹೆಚ್ಚು. ಸೀಟಿನ ನಕ್ಷೆ ನೋಡುತ್ತ "ಇಲ್ಲಿ ಬಿಸಿಲು ಬೀಳ್ತದೋ ಏನೋ" ಎಂದು ಚರ್ಚೆಗೆ ಇಳಿಯಬೇಡಿ. ಹಣ ಕಟ್ಟಲು ಕೊಡುವುದು ಕೆಲವೇ ನಿಮಿಷ.

ಭಾರತ ಫೈನಲ್‌ಗೆ ಬಂದೇ ಬರುತ್ತದೆ ಎಂದು ಮೊದಲೇ ಫೈನಲ್ ಟಿಕೆಟ್ ಕೊಳ್ಳುವುದು ಜೂಜು. 2019ರಲ್ಲಿ ಹಾಗೆ ಕೊಂಡವರು ಬಹಳ ಮಂದಿ. ಭಾರತ ಸೆಮಿಫೈನಲ್‌ನಲ್ಲಿ ಸೋತಿತು. ಬರುವುದಿಲ್ಲವಾದರೆ ಟಿಕೆಟ್‌ಗಳನ್ನು ಅಧಿಕೃತ ತಾಣದಲ್ಲೇ ಮರುಮಾರಾಟಕ್ಕಿಡಿ ಎಂದು ಗೆದ್ದ ನ್ಯೂಜಿಲೆಂಡ್ ತಂಡದ ಜಿಮ್ಮಿ ನೀಶಮ್ ಭಾರತದ ಅಭಿಮಾನಿಗಳನ್ನು ಬಹಿರಂಗವಾಗಿ ಕೇಳಿಕೊಂಡರು. ನಿಮಗೂ ಇದರಲ್ಲಿ ಪಾಠವಿದೆ: ಸೆಮಿಫೈನಲ್ ಮುಗಿದ ರಾತ್ರಿ ಅಧಿಕೃತ ಮರುಮಾರಾಟದ ಪುಟ ತೆರೆದಿಟ್ಟುಕೊಳ್ಳಿ.

ಬ್ಲ್ಯಾಕ್ ಟಿಕೆಟ್ ಮತ್ತು ಏಜೆಂಟರು

ನಮ್ಮೂರ ಟಾಕೀಸಿನ ಮುಂದೆ ಬ್ಲ್ಯಾಕ್‌ನಲ್ಲಿ ಕೊಂಡರೆ ಕನಿಷ್ಠ ಟಿಕೆಟ್ ಅಸಲಿ ಇರುತ್ತಿತ್ತು. ಇಲ್ಲಿ ಆ ಖಾತ್ರಿಯೂ ಇಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಟಿಕೆಟ್‌ನ ಚಿತ್ರ ಕಳಿಸಿ ಹಣ ಕೇಳುವವರನ್ನು ನಂಬಬೇಡಿ. ಈಗಿನ ಮೊಬೈಲ್ ಟಿಕೆಟ್‌ಗಳಲ್ಲಿ ಬಾರ್‌ಕೋಡ್ ಕ್ಷಣಕ್ಷಣಕ್ಕೂ ಬದಲಾಗುವುದುಂಟು. ಸ್ಕ್ರೀನ್‌ಶಾಟ್ ಗೇಟಿನಲ್ಲಿ ನಡೆಯದು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್‌ಗಳನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಸರ್ಕಾರ ಘೋಷಿಸಿದ ದೊಡ್ಡ ಪಂದ್ಯಗಳ ಟಿಕೆಟ್‌ಗಳನ್ನು ಮೂಲ ದರಕ್ಕಿಂತ ಶೇ. 10ಕ್ಕೂ ಮೇಲೆ ಮಾರುವಂತಿಲ್ಲ.

ಟೂರ್ ಏಜೆಂಟರ ಮೂಲಕ ಹೋಗುವುದಾದರೆ ಅವರು ಆ ಟೂರ್ನಿಯ ಅಧಿಕೃತ ಏಜೆಂಟರ ಪಟ್ಟಿಯಲ್ಲಿದ್ದಾರೆಯೇ ಎಂದು ಆಯೋಜಕರ ತಾಣದಲ್ಲಿ ನೋಡಿ. "ಮ್ಯಾಚ್ ಟಿಕೆಟ್ ಸಹಿತ" ಎಂದಷ್ಟೇ ಬರೆದಿದ್ದರೆ ಸಾಲದು. ಯಾವ ದಿನ, ಯಾವ ಸ್ಟ್ಯಾಂಡ್, ಯಾವ ದರ್ಜೆ, ಟಿಕೆಟ್ ಯಾವಾಗ ಕೈಸೇರುತ್ತದೆ, ಸಿಗದಿದ್ದರೆ ಎಷ್ಟು ವಾಪಸ್, ಇಷ್ಟೂ ಬರಹದಲ್ಲಿರಲಿ. ಜಿಎಸ್‌ಟಿ ರಸೀದಿ ಕೇಳಿ ಪಡೆಯಿರಿ. ಪ್ಯಾಕೇಜ್‌ನ ಮೇಲೆ ಟಿಸಿಎಸ್ ಎಂದು ಒಂದು ಮೊತ್ತ ಹಿಡಿಯುತ್ತಾರೆ. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿದೆ, ಕೊಳ್ಳುವ ದಿನದ ದರ ವಿಚಾರಿಸಿ. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗುವ ತೆರಿಗೆ. ರಿಟರ್ನ್ ಹಾಕಿದರೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಎಂದೂ ರಿಟರ್ನ್ ಹಾಕದವರು ಆ ವರ್ಷವಾದರೂ ಹಾಕಿ.

ಮೋಸಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಏಜೆಂಟರ ಸೇವಾಲೋಪಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಮಂಡ್ಯದಲ್ಲೇ ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ಆದರೂ ಸಿಗದಿದ್ದರೆ

'ಸೋಲ್ಡ್ ಔಟ್' ಎಂದರೆ ಮುಗಿಯಿತು ಎಂದಲ್ಲ. ಪ್ರಾಯೋಜಕರು, ತಂಡಗಳು ಬಳಸದೆ ಬಿಟ್ಟ ಸೀಟುಗಳನ್ನು ಪಂದ್ಯ ಹತ್ತಿರವಾದಂತೆ ಮತ್ತೆ ಮಾರಾಟಕ್ಕೆ ಬಿಡುವುದುಂಟು. ಎಂಸಿಜಿಯ 2022ರ ಆ ಭಾರತ-ಪಾಕ್ ಪಂದ್ಯಕ್ಕೂ ನಿಂತು ನೋಡುವ ಟಿಕೆಟ್‌ಗಳನ್ನು ಆಮೇಲೆ ಬಿಟ್ಟಿದ್ದರು. ವಿಂಬಲ್ಡನ್‌ನಲ್ಲಂತೂ ಆಯಾ ದಿನ ಸಾಲಿನಲ್ಲಿ ನಿಂತವರಿಗೇ ಮೂರು ಮುಖ್ಯ ಅಂಕಣಗಳಲ್ಲಿ ತಲಾ ಸುಮಾರು 500 ಸೀಟು ಮೀಸಲು. ರಾತ್ರಿಯೇ ಡೇರೆ ಹಾಕಿ ಮಲಗುತ್ತಾರೆ. ಮಂಡಿನೋವಿನ ಹಿರಿಯರಿಗೆ ಹೇಳಿಮಾಡಿಸಿದ್ದಲ್ಲ. ಟಿಕೆಟ್ ಇಲ್ಲದೆ ಗೇಟಿನ ಬಳಿ ಹೋಗಿ ನೋಡೋಣ ಎನ್ನುವುದು ಮಾತ್ರ ಬೇಡ. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟಿದ್ದಾರೆ.

ಟಿಕೆಟ್ ಸಿಕ್ಕಿದ್ದರೆ ಊರು ಬಿಡುವ ಮೊದಲೇ ಆಯೋಜಕರ ಆ್ಯಪ್ ಹಾಕಿಕೊಂಡು ಲಾಗಿನ್ ಆಗಿ. ಲಾಗಿನ್‌ಗೆ ಬರುವ ಒಟಿಪಿ ನಿಮ್ಮ ಭಾರತದ ನಂಬರಿಗೇ ಬರುತ್ತದೆ. ಅಲ್ಲಿ ರೋಮಿಂಗ್ ಇಲ್ಲದಿದ್ದರೆ ಗೇಟಿನ ಮುಂದೆ ನಿಂತು ಪರದಾಡಬೇಕು. ಅವ್ವನ ಟಿಕೆಟ್ ಅವ್ವನ ಫೋನಿಗೆ ವರ್ಗಾಯಿಸಲು ಅವಕಾಶವಿದ್ದರೆ ವರ್ಗಾಯಿಸಿ, ಇಲ್ಲದಿದ್ದರೆ ಇಬ್ಬರೂ ಒಟ್ಟಿಗೇ ಒಳಗೆ ಹೋಗಿ. ಫೋನಿನ ಚಾರ್ಜ್ ತುಂಬಿರಲಿ, ಜೊತೆಗೊಂದು ಪವರ್ ಬ್ಯಾಂಕ್ ಇರಲಿ. ಮನೆಯಿಂದ ತಂದ ಮದ್ದೂರು ವಡೆಯನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದು ಆಯಾ ಮೈದಾನದ ಚೀಲದ ನಿಯಮದಲ್ಲಿ ಬರೆದಿರುತ್ತದೆ, ಅದನ್ನೂ ಹಿಂದಿನ ರಾತ್ರಿ ಒಮ್ಮೆ ಓದಿಬಿಡಿ.